ಬಣ್ಣ ಹಿಡಿಯದ ಕೋಶಗಳ ಪರವಾಗಿ

ಅನ್ನನಾಳದ ಕ್ಯಾನ್ಸರ್ ಹೇಗೆ ಮೊಳೆತು ಬೆಳೆಯುತ್ತದೆಂಬುದನ್ನು ಅಂಗಾಂಶದೊಳಗಿನ ಪ್ರೋಟೀನ್ ಗುರುತುಗಳಿಂದಲೇ ಓದಬಲ್ಲ ಕೆಲವೇ ಕೆಲವರಲ್ಲಿ ನಮ್ಮ ಮೇಡಂ ಅಗ್ರಗಣ್ಯರು. ಮೂರು ದಶಕಗಳ ಸೇವೆ ಮುಗಿಸಿ ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ, ಈ ಅಭಿನಂದನಾ ಗ್ರಂಥಕ್ಕೆ ನಾಲ್ಕು ಒಳ್ಳೆಯ ಮಾತು ಬರೆಯಿರೆಂದು ಸಂಪಾದಕರು ಕೇಳಿದ್ದಾರೆ. ಬರೆಯುತ್ತೇನೆ, ಸಿಟ್ಟು ಬದಿಗಿಟ್ಟು ಬರೆಯಲು ಮಾತ್ರ ನನ್ನಿಂದಾಗದು.

ನಾನು ಆಸ್ಪತ್ರೆಯ ರೋಗಪತ್ತೆ ವಿಭಾಗಕ್ಕೆ ವಿದ್ಯಾರ್ಥಿಯಾಗಿ ಸೇರಿದಾಗ ಸೂಕ್ಷ್ಮದರ್ಶಕದ ಮುಂದಿನ ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟು, ಪಕ್ಕದಲ್ಲಿ ನಿಂತು ಕಲಿಸಿದವರು ಅವರು. ಕ್ಯಾನ್ಸರಿಗೆ ತಡೆಯೊಡ್ಡುವ ಪಿ53 ಎಂಬ ಪ್ರೋಟೀನಿಗೆ ಬಣ್ಣ ಹಾಕಿದರೆ ಆರೋಗ್ಯವಂತ ಕೋಶಗಳಲ್ಲಿ ಅಲ್ಲಲ್ಲಿ ತಿಳಿಕಂದು ಕಾಣುತ್ತದೆ. ಎಲ್ಲವೂ ಗಾಢ ಕಂದಾದರೆ ಅಪಾಯವೆಂದು ಯಾರಿಗಾದರೂ ಗೊತ್ತು. ಒಂದಿಷ್ಟೂ ಬಣ್ಣ ಹಿಡಿಯದಿದ್ದರೂ ಅಷ್ಟೇ ಅಪಾಯವೆಂಬುದನ್ನು ಮರೆಯುವುದು ನಮ್ಮ ಕಸುಬಿನವರ ಹಳೆಯ ಚಾಳಿ. "ಪಕ್ಕದ ಕೋಶ ನೋಡು. ಅದಕ್ಕೆ ಬಣ್ಣ ಬಂದಿದೆ, ಇದಕ್ಕೆ ಬಂದಿಲ್ಲ. ಅಂದ್ರೆ ಇಲ್ಲಿ ಪ್ರೋಟೀನೇ ಕಾಣೆಯಾಗಿದೆ," ಎನ್ನುತ್ತಿದ್ದರು.

ನುಂಗಲು ಕಷ್ಟವೆಂದು ಬಂದ ಬಸ್ ಚಾಲಕರೊಬ್ಬರ ಅನ್ನನಾಳದ ತುಣುಕಿನಲ್ಲಿ ಮೇಡಂ ಕಂಡದ್ದು ಅದೇ. ವಿಭಾಗದ ಅಂದಿನ ಮುಖ್ಯಸ್ಥರು ಕಿವಿಗೆ ಹಾಕಿಕೊಳ್ಳಲಿಲ್ಲ. "ಬಣ್ಣವೇ ಬಂದಿಲ್ಲ ಅಂದ್ಮೇಲೆ ಏನೂ ಇಲ್ಲ ಅಂತ ತಾನೇ? ಸುಮ್ನೆ ರಾದ್ಧಾಂತ ಮಾಡ್ಬೇಡಿ," ಎಂದು ವರದಿಗೆ ಸಹಿ ಜಡಿದರು. ಮರುವರ್ಷ ಚಾಲಕರು ಬಂದಾಗ ಗಂಟಲಲ್ಲಿ ನೀರೂ ಇಳಿಯುತ್ತಿರಲಿಲ್ಲ. ಶಸ್ತ್ರಚಿಕಿತ್ಸೆಯ ಕಾಲ ಮೀರಿತ್ತು.

"ಹೋದ ವರ್ಷ ಏನೂ ಇಲ್ಲ ಅಂದಿದ್ರಲ್ಲಾ?" ಎಂದು ಅವರ ಹೆಂಡತಿ ಕೇಳುವಷ್ಟರಲ್ಲಿ ಮುಖ್ಯಸ್ಥರು ಜಾಗ ಖಾಲಿ ಮಾಡಿದ್ದರು. ಮೇಡಂ ಆಕೆಯನ್ನು ತಮ್ಮ ಕೋಣೆಯಲ್ಲಿ ಕೂರಿಸಿ, "ಇತ್ತಮ್ಮ. ನಾವೇ ತಪ್ಪು ಓದಿದ್ವಿ," ಎಂದರು. ತಾವು ಮಾಡದ ತಪ್ಪನ್ನು ಹಂಚಿಕೊಂಡರು. ಆ ದೊಡ್ಡತನ ನನಗಿಲ್ಲ. ಅದಕ್ಕೆ ಸಿಕ್ಕ ಬಹುಮಾನವಾದರೂ ಏನು? ವರದಿಗೆ ಸಹಿ ಹಾಕುವ ಅಧಿಕಾರ ಹೋಯಿತು, ಕಿಟಕಿಯಿಲ್ಲದ ಕೋಣೆ ಸಿಕ್ಕಿತು. ತಪ್ಪು ಓದಿದವರು ನಿರ್ದೇಶಕರಾದರು. ಈ ಗ್ರಂಥದ ಮುನ್ನುಡಿಯೂ ಅವರದೇ, ಅದರಲ್ಲಿ ಮೇಡಂ 'ಸೌಮ್ಯ ಸ್ವಭಾವದವರು'. ನಾಚಿಕೆಯಾಗಬೇಕು.

ಏನೂ ಇಲ್ಲವೆಂದು ಬರೆಸಿಕೊಂಡು ಮನೆಗೆ ಹೋದವರು ಚಾಲಕರೊಬ್ಬರೇ ಅಲ್ಲ. ಅಂಥ ರೋಗಿಗಳ ಬಣ್ಣ ಹಿಡಿಯದ ಅಂಗಾಂಶದ ಸ್ಲೈಡುಗಳು ನೆಲಮಾಳಿಗೆಯ ಪೆಟ್ಟಿಗೆಗಳಲ್ಲಿವೆ. ಮತ್ತೊಮ್ಮೆ ನೋಡಲು ಬಿಡಿ ಎಂದು ಮೇಡಂ ಕೇಳುತ್ತಲೇ ಬಂದಿದ್ದಾರೆ, ಬೀಗ ತೆರೆದಿಲ್ಲ. ಬೀಳ್ಕೊಡುಗೆಗೆ ಏನು ಬೇಕೆಂದು ವಿಚಾರಿಸಿದಾಗಲೂ ಅವರು ಕೇಳಿದ್ದು ಆ ಬೀಗದ ಕೈಯನ್ನೇ. ನಿರ್ದೇಶಕರು ನಕ್ಕು, ಗೋಡೆ ಗಡಿಯಾರ ತರಿಸಿದ್ದಾರೆ.

ಮೇಡಂ ನೂರು ವರ್ಷ ಬಾಳಲಿ, ಅವರ ಕಣ್ಣು ಇಷ್ಟೇ ಚುರುಕಾಗಿರಲಿ, ಕೆಲಸ ನಿಲ್ಲದಿರಲಿ. ಗಡಿಯಾರವನ್ನು ನಿರ್ದೇಶಕರೇ ಇಟ್ಟುಕೊಂಡು ಬೀಗದ ಕೈ ಕೊಡಲಿ. ಆ ಪೆಟ್ಟಿಗೆಗಳಲ್ಲಿ ಇನ್ನೂ ಬದುಕಿರುವವರಿದ್ದಾರೆ.