ಅತ್ತೆಯ ಜೀಪಿಗೆ ಅಳಿಯನ ಗೇರು

ಬೆಳಕು ಹರಿಯುವ ಹೊತ್ತು. ಶೆಡ್ಡಿನ ತಗಡಿನ ಶಟರು ಅರ್ಧಕ್ಕೆ ಮಾತ್ರ ಎದ್ದಿದೆ, ಒಳಗೆ ಹೋಗಬೇಕೆಂದರೆ ಸೊಂಟ ಬಗ್ಗಿಸಲೇಬೇಕು. ಒಳಗೆ ಹಸಿರು ಬಣ್ಣದ ಒಂದು ಮುದಿ ಜೀಪು ನಾಲ್ಕೂ ಚಕ್ರ ನೆಲ ಬಿಟ್ಟು ಮರದ ದಿಮ್ಮಿಗಳ ಮೇಲೆ ಕೂತಿದೆ. ಅದರ ಹೊಟ್ಟೆಯಡಿಯಿಂದ ಒಂದು ಜೊತೆ ಕಾಲು ಹೊರಗೆ ಚಾಚಿದೆ. "ಯಾರದು, ಪೇಪರ್‌ನೋರಾ? ಒಳ್ಳೇ ಹೊತ್ತಿಗೆ ಬಂದ್ರಿ. ಆ ಚಕ್ರ ಹಿಡ್ಕೊಂಡು ತಿರುಗ್ಸಿ. ಸೀಮೆಸುಣ್ಣದ ಗೆರೆ ಒಂದು ಸುತ್ತು ಹಾಕಿ ಮೇಲಕ್ಕೆ ಬಂದ ತಕ್ಷಣ ಹೇಳಿ" ಎಂದು ಆ ಕಾಲುಗಳ ಕಡೆಯಿಂದ ದನಿ ಬರುತ್ತದೆ.

ಆಚೆ ಬದಿಯ ಚಕ್ರ ಹಿಡಿದು ನಿಂತಿರುವವರು ಅವರ ಹೆಂಡತಿ. ನಾವಿಬ್ಬರೂ ಒಟ್ಟಿಗೆ ತಿರುಗಿಸುತ್ತೇವೆ, ಚಕ್ರದ ಒಂದು ಸುತ್ತಿಗೆ ಶಾಫ್ಟು ಎಷ್ಟು ಸುತ್ತು ಹೊಡೆಯಿತೆಂದು ಅವರು ಕೆಳಗೆ ಎಣಿಸುತ್ತಾರೆ. ಹಿಂದಿನ ಆಕ್ಸಲ್ ಆಯಿತು, ಮುಂದಿನದೂ ಆಯಿತು. "ಎರಡೂ ಒಂದೇ! ಅಬ್ಬಾ, ಈ ಸಲ ಎರಡೂ ಒಂದೇ!" ಎಂದು ಕೂಗುತ್ತಾ ಮನುಷ್ಯ ಉರುಳಿಕೊಂಡು ಹೊರಗೆ ಬರುತ್ತಾರೆ. ಮೂಗಿನ ಮೇಲೆ ಗ್ರೀಸು, ಮುಖದ ತುಂಬ ನಗು. ಹೆಂಡತಿ ನಗುವುದಿಲ್ಲ.

ಬೀದಿಯವರೆಲ್ಲ ಇವರನ್ನು ಕರೆಯುವುದು 'ಹಲ್ಲಿನ ಡಾಕ್ಟ್ರು' ಎಂದೇ. ಹಳೆಯ ಜೀಪುಗಳ ಗೇರಿನ ಹಲ್ಲು ಸವೆದರೂ ಮುರಿದರೂ ಕಚ್ಚಿಕೊಂಡರೂ ಗಾಡಿ ಬರುವುದು ಇಲ್ಲಿಗೇ. ಅಂಗಡಿಗೆ ಬೋರ್ಡಿಲ್ಲ. ಆ ಕಡೆ ಬಡಗಿ, ಈ ಕಡೆ ಟೈಲರು, ನಡುವೆ ಇವರು. ಒಮ್ಮೆ ನಿಜವಾದ ಹಲ್ಲುನೋವಿನವರೊಬ್ಬರು ಕೆನ್ನೆ ಹಿಡಿದುಕೊಂಡು ಬಂದುಬಿಟ್ಟಿದ್ದರಂತೆ. "ನನ್ನ ಇಕ್ಕಳ ತೋರಿಸ್ದೆ ನೋಡಿ, ಅರ್ಧ ನೋವು ಅಲ್ಲೇ ಹೋಯ್ತು" ಎಂದು ಹೇಳಿ ತಾವೇ ಬಿದ್ದು ಬಿದ್ದು ನಗುತ್ತಾರೆ.

ಕೆಲಸ ಕಲಿತದ್ದು ಲಾರಿ ಗ್ಯಾರೇಜಿನಲ್ಲಿ, ಸೀಮೆಎಣ್ಣೆಯಲ್ಲಿ ಬೇರಿಂಗು ತೊಳೆಯುತ್ತಾ. ಅಪ್ಪ ತೀರಿಕೊಂಡ ವರ್ಷವೇ ಶಾಲೆಗೆ ಶರಣು ಹೊಡೆದಾಗಿತ್ತು. ಅಂಗೈ ಚರ್ಮ ಸುಲಿದುಹೋಗಿ ಊಟಕ್ಕೆ ಕೂತಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಎಡಗೈಯ ತೋರುಬೆರಳು ಅರ್ಧಕ್ಕೇ ನಿಂತಿದೆ. "ಗೇರು ತಿರುಗುವಾಗ ಬೆರಳಿಡಬಾರ್ದು ಅಂತ ಯಾರಾದ್ರೂ ಹೇಳ್ಬೇಕಿತ್ತು. ಯಾರೂ ಹೇಳ್ಲಿಲ್ಲ, ಗೇರೇ ಹೇಳ್ತು" ಎನ್ನುತ್ತಾರೆ. ಈಗ ವಾರಕ್ಕೆ ಎರಡು ಗೇರ್‌ಬಾಕ್ಸ್ ಬಿಚ್ಚಿ ಜೋಡಿಸುತ್ತಾರೆ, ಬೆನ್ನು ಹಿಡಿದುಕೊಂಡ ವಾರ ಒಂದೇ.

ಈ ಹಸಿರು ಜೀಪು ಗಿರಾಕಿಯದಲ್ಲ, ಸಾಕ್ಷಾತ್ ಅತ್ತೆಯದು. ಗುಡ್ಡದ ತುದಿಯಲ್ಲಿ ಕೆಲವೇ ಮನೆಗಳಿವೆ. ಅಲ್ಲಿಗೆ ಹಿಟ್ಟು, ಔಷಧಿ, ಗ್ಯಾಸ್ ಸಿಲಿಂಡರ್ ಸಾಗಿಸುವುದು ಅತ್ತೆಯವರ ಕಸುಬು. ಗಂಡ ಹೋದ ಮೇಲೆ ಹಿಡಿದ ಸ್ಟೇರಿಂಗನ್ನು ಇವತ್ತಿಗೂ ಬಿಟ್ಟಿಲ್ಲ. ದಾರಿಯಲ್ಲಿ ಎರಡು ಬಂಡೆಗಳ ನಡುವೆ ಒಂದು ಸಂದಿದೆ. ಹೊಸ ಗಾಡಿಗಳು ಅಗಲ, ಅಲ್ಲಿ ತೂರುವುದಿಲ್ಲ. ಈ ಜೀಪು ಎರಡೂ ಬದಿಗೆ ಗೇಣು ಜಾಗ ಬಿಟ್ಟು ತೂರುತ್ತದೆ. ಆದರೆ ಇತ್ತೀಚೆಗೆ ಸಂದಿನಾಚೆಯ ಕೊನೆಯ ಏರಿನಲ್ಲಿ ಅದಕ್ಕೆ ದಮ್ಮು ಸಾಲುತ್ತಿರಲಿಲ್ಲ. ಅರ್ಧ ಸಾಮಾನು ಕೆಳಗಿಳಿಸಿ ಎರಡೆರಡು ಸಲ ಹತ್ತಿ ಇಳಿಯಬೇಕಾಗುತ್ತಿತ್ತು.

ಮಗಳಿಗೆ, ಅಂದರೆ ಡಾಕ್ಟ್ರ ಹೆಂಡತಿಗೆ, ಇದೆಲ್ಲ ಸಾಕಾಗಿಹೋಗಿದೆ. "ಅಮ್ಮ ಗುಡ್ಡ ಇಳಿದು ಬರೋ ತನಕ ನನ್ನ ಜೀವ ಬಾಯಿಗೆ ಬಂದಿರುತ್ತೆ. ಅರವತ್ತೆಂಟಾಯ್ತು ಅವಳಿಗೆ. ಇನ್ನೂ ಎಷ್ಟು ದಿನ ಅಂತ?" ತಾಯಿ ಮಗಳ ನಡುವೆ ಮಾತಾಗಿದೆ. ಹೊಸ ಗೇರು ಹಾಕಿದ ಮೇಲೂ ತುಂಬಿದ ಜೀಪು ಒಂದೇ ಸಲಕ್ಕೆ ಏರದಿದ್ದರೆ ಕೀ ಮಗಳ ಕೈಗೆ, ಜೀಪು ಗುಜರಿಗೆ, ಅಮ್ಮ ಮನೆಗೆ. ಆ ಪರೀಕ್ಷೆ ಇವತ್ತೇ! ಅಳಿಯ ಅಡಕತ್ತರಿಯಲ್ಲಿ ಸಿಕ್ಕಿಕೊಂಡಿದ್ದಾರೆ. "ಏರಿದ್ರೆ ಇವಳು ಮಾತು ಬಿಡ್ತಾಳೆ, ಏರದಿದ್ರೆ ಅವರು ಮಾತು ಬಿಡ್ತಾರೆ. ನನಗಂತೂ ಇವತ್ತಿಂದ ಕಿವಿಗೆ ತಂಪು" ಎಂದು ಹೆಂಡತಿಯ ಎದುರಿಗೇ ಕಣ್ಣು ಮಿಟುಕಿಸುತ್ತಾರೆ.

ಜೀಪನ್ನು ನೋಡಿದವರೆಲ್ಲ ಕೊಟ್ಟ ಸಲಹೆ ಒಂದೇ, ದೊಡ್ಡ ಎಂಜಿನ್ ಹಾಕಿ ಅಂತ. ಡಾಕ್ಟ್ರು ತಲೆಯಾಡಿಸುತ್ತಾರೆ. "ಹಾಕ್ಬಹುದು. ಅದರ ಏಟಿಗೆ ಹಳೇ ಗೇರ್‌ಬಾಕ್ಸ್ ಹೋಗುತ್ತೆ. ಅದನ್ನ ಬದಲಾಯಿಸಿದ್ರೆ ಆಕ್ಸಲ್ ಶಾಫ್ಟ್ ಮುರಿಯುತ್ತೆ. ಅದನ್ನೂ ಬದಲಾಯಿಸಿದ್ರೆ ಚಾಸಿ ಬಿರುಕು ಬಿಡುತ್ತೆ. ಕೊನೆಗೆ ಹಳೇ ಜೀಪಿಂದು ಅಂತ ಉಳಿಯೋದು ಹಾರ್ನ್ ಒಂದೇ. ಅದೂ ಬಡ್ಕೊಳ್ಳಲ್ಲ."

ಇವರ ಪದ್ಧತಿಯೇ ಬೇರೆ. ಏನು ಬದಲಾಯಿಸಬೇಕೆಂದು ತೀರ್ಮಾನಿಸುವ ಮೊದಲು ಗಾಡಿಯವರನ್ನೇ ಅವರ ಮಾಮೂಲು ದಾರಿಯಲ್ಲಿ ಓಡಿಸಲು ಬಿಡುತ್ತಾರೆ. ತಾವು ಪಕ್ಕದ ಸೀಟಿನಲ್ಲಿ ಗೇರ್ ಕೋಲಿನ ಬುಡಕ್ಕೆ ಕೈಯಿಟ್ಟು ಕಣ್ಣು ಮುಚ್ಚಿ ಕೂರುತ್ತಾರೆ, ಹೋಗುವಾಗಲೂ ಬರುವಾಗಲೂ. ಅತ್ತೆ ಅದನ್ನು ನೋಡಿ "ನಿನ್ನ ಗಂಡ ದಾರಿಯುದ್ದಕ್ಕೂ ನಿದ್ದೆ ಹೊಡೆದ" ಎಂದು ಮಗಳಿಗೆ ದೂರು ಹೇಳಿದ್ದರಂತೆ. ಆ ಸವಾರಿ ಮುಗಿದ ಮೇಲೆ ಇವರು ಎಂಜಿನ್ನಿನ ತಂಟೆಗೇ ಹೋಗಲಿಲ್ಲ. ಎರಡೂ ಆಕ್ಸಲ್‌ಗಳಿಗೆ ಹೆಚ್ಚು ಎಳೆತ ಕೊಡುವ ಕ್ರೌನ್ ಪಿನಿಯನ್ ಗೇರುಗಳು, ದಪ್ಪ ಶಾಫ್ಟುಗಳು, ನಾಲ್ಕೂ ಚಕ್ರಕ್ಕೆ ಬಲ ಹಂಚುವ ನಡುವಿನ ಡಬ್ಬಿಗೆ ಮೊದಲಿಗಿಂತ ಎಷ್ಟೋ ನಿಧಾನದ ಲೋ ಗೇರು, ಇಷ್ಟನ್ನು ಆರಿಸಿದರು. ಓಟ ಕಮ್ಮಿ, ಎಳೆತ ಜಾಸ್ತಿ. ಏರಲು ಇಷ್ಟೊಂದು ನಿಧಾನ ಬೇಕೇ ಎಂದು ಕೇಳಿದರೆ "ಆಮೇಲೆ ಗೊತ್ತಾಗುತ್ತೆ, ಸುಮ್ನಿರಿ" ಎಂದು ನನ್ನ ಬಾಯಿ ಮುಚ್ಚಿಸುತ್ತಾರೆ.

ಹಾಗಾದರೆ ಬೆಳಗಿನ ಆ "ಈ ಸಲ" ಏನು? ಕೇಳಿದರೆ ಡಾಕ್ಟ್ರು ಕಿವಿ ಕೆರೆದುಕೊಳ್ಳುತ್ತಾರೆ. ಹಿಂದಿನ ಮುಂದಿನ ಆಕ್ಸಲ್‌ಗಳ ಸುತ್ತಿನ ಲೆಕ್ಕ ಒಂದೇ ಇರಬೇಕು. ಇಲ್ಲದಿದ್ದರೆ ನಾಲ್ಕೂ ಚಕ್ರಕ್ಕೆ ಬಲ ಕೊಟ್ಟಾಗ ಒಂದನ್ನೊಂದು ಜಗ್ಗಾಡಿ ಗೇರು ಪುಡಿಯಾಗುತ್ತದೆ. ಗಾಡಿಯನ್ನು ನೆಲಕ್ಕಿಳಿಸುವ ಮೊದಲು ಸೀಮೆಸುಣ್ಣದ ಗೆರೆ ಹಾಕಿ ಎಣಿಸುವುದು ಇವರ ವಾಡಿಕೆ. ಈ ಸಲ ಹಳೇ ಸಾಮಾನಿನ ಅಂಗಡಿಯ ಗೆಳೆಯ "ಎರಡೂ ಒಂದೇ ಜೊತೆ, ಕಣ್ಣು ಮುಚ್ಕೊಂಡು ಹಾಕು" ಎಂದ. ಇವರು ನಿಜಕ್ಕೂ ಕಣ್ಣು ಮುಚ್ಚಿಕೊಂಡೇ ಹಾಕಿಬಿಟ್ಟರು.

ಕಂಡುಹಿಡಿದವರು ಅತ್ತೆ. ಸಿಮೆಂಟಿನ ಅಂಗಳದಲ್ಲಿ ಒಂದು ಸುತ್ತು ಹಾಕಿ ಗಕ್ಕನೆ ನಿಲ್ಲಿಸಿದರಂತೆ. "ಅಳಿಯಂದ್ರೇ, ಇದರ ಮುಂಗಾಲು ಮನೆಗೆ ಹೋಗೋಣ ಅಂತಿದೆ, ಹಿಂಗಾಲು ಬೇಡ ಅಂತಿದೆ. ಏನು ಹಾಕಿದೀರ ಒಳಗೆ?" ಡಾಕ್ಟ್ರು ಬಿಚ್ಚಿ ಎಣಿಸಿದರೆ, ಅಯ್ಯೋ, ಎರಡರ ಹಲ್ಲೂ ಬೇರೆ ಬೇರೆ! "ಮಣ್ಣಿನ ದಾರೀಲಿ ಚಕ್ರ ಜಾರಿ ಅದು ಗೊತ್ತಾಗ್ತಾನೇ ಇರ್ಲಿಲ್ಲ, ಗುಡ್ಡದ ನಡುವೆ ಮುರೀತಿತ್ತು. ಮೈಯೆಲ್ಲ ಬೆವೆತುಹೋಯ್ತು ಕಣ್ರೀ" ಎನ್ನುವಾಗ ಅವರ ದನಿ ಮೊದಲ ಸಲ ಇಳಿಯುತ್ತದೆ. ಒಂದು ವಾರ ಹುಡುಕಾಡಿ, ಸರಿಯಾದ ಜೊತೆ ತಂದು, ಮತ್ತೆ ಜೋಡಿಸಿದ್ದಾರೆ.

ಜೀಪನ್ನು ನೆಲಕ್ಕಿಳಿಸಿ ಸಾಮಾನು ತುಂಬುವಷ್ಟರಲ್ಲಿ ಅತ್ತೆಯವರ ಸವಾರಿ ಬರುತ್ತದೆ. ಕುಳ್ಳಗಿನ, ಗಟ್ಟಿಮುಟ್ಟಾದ ಹೆಂಗಸು. ತಲೆಗೆ ಬಟ್ಟೆ ಬಿಗಿದಿದ್ದಾರೆ. ಜೀಪಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಟೈರಿಗೆ ಒಂದು ಒದೆ ಕೊಡುತ್ತಾರೆ. ನಾನು ನಮಸ್ಕಾರ ಎಂದರೆ "ಹಿಂದೆ ಸಿಲಿಂಡರ್ ಪಕ್ಕ ಕೂತ್ಕೊಳ್ಳಿ, ತೂಕಕ್ಕಾಗುತ್ತೆ" ಎನ್ನುತ್ತಾರೆ. ನನ್ನ ಪತ್ರಿಕಾವೃತ್ತಿಗೆ ಸಿಕ್ಕ ಅತ್ಯಂತ ನೇರವಾದ ಗೌರವವಿದು.

ಮಗಳು ಸ್ಕೂಟರಿನಲ್ಲಿ ಹಿಂದೆ ಬಂದು ಬಂಡೆಗಳ ಸಂದಿನ ಬಳಿ ನಿಲ್ಲುತ್ತಾಳೆ. ನಾವು ಸಂದು ದಾಟುತ್ತೇವೆ. ಎದುರಿಗೆ ಏರು ಗೋಡೆಯಂತೆ ಎದ್ದು ನಿಂತಿದೆ. ಅತ್ತೆ ಲೋ ಗೇರು ಹಾಕುತ್ತಾರೆ, ಪಕ್ಕದಲ್ಲಿ ಅಳಿಯ ಕಣ್ಣು ಮುಚ್ಚುತ್ತಾರೆ. ನಾನು ಹಿಟ್ಟಿನ ಮೂಟೆಯನ್ನು ತಬ್ಬಿಕೊಳ್ಳುತ್ತೇನೆ. ಜೀಪು ಗುರ್ ಎನ್ನುತ್ತದೆ, ಆದರೆ ಏದುಸಿರಿಲ್ಲ, ಒದ್ದಾಟವಿಲ್ಲ. ಒಂದೊಂದೇ ಕಲ್ಲನ್ನು ಹಿಡಿದು, ಬಿಟ್ಟು, ಮುಂದಿನದನ್ನು ಹಿಡಿಯುತ್ತಾ ಹತ್ತುತ್ತದೆ. ಅರ್ಧ ಬಂತು. ಮೊದಲು ನಿಂತುಬಿಡುತ್ತಿದ್ದ ತಿರುವು ಬಂತು, ಹೋಯ್ತು! "ಹೋಗ್ತಿದೆ! ಹೋಗ್ತಿದೆ ಕಣ್ರೀ!" ಎಂದು ಕೂಗಿದವರು ಯಾರೋ ಅಂದುಕೊಂಡೆ, ನಾನೇ. ತುದಿ ಮುಟ್ಟಿದಾಗ ಅತ್ತೆ ಹಾರ್ನ್ ಒತ್ತುತ್ತಾರೆ. ಅದು ನಿಜಕ್ಕೂ ಬಡಿದುಕೊಳ್ಳುವುದಿಲ್ಲ. ಮೂವರೂ ಹೊಟ್ಟೆ ಹುಣ್ಣಾಗುವಷ್ಟು ನಗುತ್ತೇವೆ.

ಸಾಮಾನಿಳಿಸಿ, ಖಾಲಿ ಸಿಲಿಂಡರ್ ತುಂಬಿಕೊಂಡು ಇಳಿಯತೊಡಗುತ್ತೇವೆ. "ಅತ್ತೆ, ಲೋ ಗೇರಲ್ಲೇ ಬಿಡಿ. ಬ್ರೇಕ್ ಮೇಲಿಂದ ಕಾಲು ತೆಗೀರಿ" ಎನ್ನುತ್ತಾರೆ ಅಳಿಯ. "ತಲೆ ಕೆಟ್ಟಿದೆಯಾ ನಿಮಗೆ?" "ತೆಗೀರಿ ಅತ್ತೆ, ನಾನೂ ಇದೇ ಗಾಡೀಲಿದೀನಲ್ಲ." ಅತ್ತೆ ಮೆಲ್ಲಗೆ ಕಾಲು ತೆಗೆಯುತ್ತಾರೆ. ಜೀಪು ಓಡುವುದಿಲ್ಲ. ಗೇರೇ ಅದನ್ನು ಹಿಡಿದುಕೊಂಡು, ನಡೆದು ಹೋಗುವವರ ವೇಗದಲ್ಲಿ ಕೆಳಗಿಳಿಸುತ್ತದೆ. ಅತ್ತೆಯವರ ಬಲಗಾಲು ಕೆಳಗಿನ ತಗಡಿನ ಮೇಲೆ ಸುಮ್ಮನೆ ಊರಿಕೊಂಡಿದೆ. ಅವರು ಮತ್ತೆ ಮತ್ತೆ ಅದನ್ನೇ ನೋಡುತ್ತಾರೆ.

ಸಂದಿನ ಬಳಿ ಮಗಳು ಕಾಯುತ್ತಿದ್ದಾಳೆ. "ಏರ್ತಾ?" ಎನ್ನುತ್ತಾ ಕೈ ಮುಂದೆ ಚಾಚಿದ್ದಾಳೆ, ಕೀಗಾಗಿಯೋ ಅಮ್ಮನನ್ನು ಇಳಿಸುವುದಕ್ಕೋ ಅವಳಿಗೇ ಗೊತ್ತಿರಲಿಕ್ಕಿಲ್ಲ. ಅತ್ತೆ ಅವಳಿಗೆ ಉತ್ತರ ಕೊಡುವುದಿಲ್ಲ, ಅಳಿಯನ ಕಡೆ ತಿರುಗುತ್ತಾರೆ. "ಮಂಡಿ ನೋಯ್ಲಿಲ್ಲ" ಎನ್ನುತ್ತಾರೆ. "ನಿಮಗೆ ಯಾರು ಹೇಳಿದ್ದು ನನ್ನ ಮಂಡಿ ವಿಷಯ?"

"ಯಾರೂ ಹೇಳ್ಲಿಲ್ಲ ಅತ್ತೆ. ಅವತ್ತು ಏರುವಾಗ ಎಂಜಿನ್ ಒದ್ದಾಡ್ತಿತ್ತು. ಇಳಿಯುವಾಗ ಬ್ರೇಕ್ ಪೆಡಲ್ ನಡುಗ್ತಿತ್ತು. ಪೆಡಲ್ ಯಾಕೆ ನಡುಗುತ್ತೆ ಅಂತ ಕಣ್ಣು ಬಿಟ್ಟು ನೋಡಿದ್ರೆ, ನಿಮ್ಮ ಕಾಲು. ಒಂದು ಕೈಯಲ್ಲಿ ಮಂಡಿ ಒತ್ತಿ ಹಿಡ್ಕೊಂಡಿದ್ರಿ. ಏರೋದಕ್ಕೆ ಇಷ್ಟು ಗೇರು ಬೇಕಿರ್ಲಿಲ್ಲ. ಇದು ಇಳಿಯೋದಕ್ಕೆ ಹಾಕಿದ್ದು."

ಮಗಳ ಮುಖ ಸಣ್ಣದಾಗುತ್ತದೆ. "ಯಾಕಮ್ಮ ನನಗೆ ಹೇಳ್ಲಿಲ್ಲ?" "ಹೇಳಿದ್ರೆ ಅವತ್ತೇ ಕೀ ಕಿತ್ಕೋತಿದ್ದೆ" ಎನ್ನುತ್ತಾರೆ ಅತ್ತೆ. ಮಗಳು ಚಾಚಿದ ಕೈಯನ್ನು ಅಮ್ಮನ ಮಂಡಿಯ ಮೇಲಿಡುತ್ತಾಳೆ, ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಗದರುತ್ತಾಳೆ. "ಜರುಗು ಆ ಕಡೆ. ಇಲ್ಲಿಂದ ಮನೆ ತನಕ ನಾನು ಓಡಿಸ್ತೀನಿ, ನೀನು ಹೇಳ್ಕೊಡು. ಸ್ಕೂಟರ್ ಇವರು ತರ್ಲಿ." ಅತ್ತೆ ತಕರಾರಿಲ್ಲದೆ ಜರುಗುತ್ತಾರೆ. ಅಷ್ಟು ಬೇಗ ಅವರು ಯಾವ ಮಾತಿಗೂ ಒಪ್ಪಿದ್ದನ್ನು ಕಂಡಿಲ್ಲ ಎಂದು ಡಾಕ್ಟ್ರು ನನ್ನ ಕಿವಿಯಲ್ಲಿ ಉಸುರುತ್ತಾರೆ.

ಹೊರಡುವ ಮೊದಲು ಡಾಕ್ಟ್ರು ಮತ್ತೆ ಜೀಪಿನಡಿ ನುಸುಳುತ್ತಾರೆ. ಬೆಳಿಗ್ಗೆ ಕಂಡ ಅದೇ ಎರಡು ಕಾಲು. ಇಷ್ಟೆಲ್ಲ ಮಾಡಿದ್ದೀರಿ, ನಿಮಗೇನು ಆಸೆ ಎಂದು ಬಗ್ಗಿ ಕೇಳುತ್ತೇನೆ.

"ನನ್ನ ಕೆಲಸ ಯಾರ ಕಣ್ಣಿಗೂ ಬೀಳ್ಬಾರ್ದು, ಅಷ್ಟೇ. ಬಿತ್ತು ಅಂದ್ರೆ ಎಲ್ಲೋ ಎಣ್ಣೆ ಸೋರ್ತಿದೆ ಅಂತ ಲೆಕ್ಕ."

ಅರ್ಧ ಬೆರಳಿನಿಂದ ಆಕ್ಸಲ್ಲಿನ ಅಡಿಯನ್ನು ಸವರಿ, ನನ್ನ ಮುಖದೆದುರು ಹಿಡಿಯುತ್ತಾರೆ. ಒಣಗಿದೆ.