ಮಾಚು ಪಿಚುಗಿಂತ ಮೊದಲು ಅಲ್ ಐನ್

ಸ್ನೇಹಿತರೇ, ನನ್ನ ಪೆರು ಪ್ರವಾಸ ಇವತ್ತು ಇಲ್ಲೇ ಗಲ್ಫಿನಲ್ಲಿ, ನಮ್ಮ ಅಲ್ ಬರ್ಷಾದ ಕ್ಲಿನಿಕ್ಕಿನಲ್ಲೇ ನಿಂತುಹೋಯಿತು. ಇಂಕಾ ಜನರು ಬೆಟ್ಟದ ಮೇಲೆ ಕಟ್ಟಿದ ಮಾಚು ಪಿಚು ನೋಡಲು ಹೊರಟವನು ನಾನು. ಆ ಎತ್ತರದಲ್ಲಿ ತಲೆಸುತ್ತು ಬಾರದಂತೆ ಮಾತ್ರೆ ಬೇಕೆಂದು ಅಲ್ಲಿರುವ ಧಾರವಾಡ ಮೂಲದ ಡಾಕ್ಟರ ಬಳಿ ಗಂಭೀರವಾಗಿ ಕೇಳಿದೆ.

"ಇದಕ್ಕ ಮೊದಲ ಯಾವುದಾರ ಗುಡ್ಡಾ ಹತ್ತೀರೇನ್ರಿ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಹೇಳಿದಳು: "ಹತ್ತುವುದೆಂತ ಡಾಕ್ಟ್ರೇ! ಅಲ್ ಐನಿನ ಜಬಲ್ ಹಫೀತ್ ಗುಡ್ಡೆಗೆ ಕಾರಲ್ಲಿ ಹೋಗುವಾಗಲೇ ಇವರು ಹೆದರಿ ಕಣ್ಣು ಮುಚ್ಚಿ ಕೂತದ್ದು ಮಾರಾಯ್ರೆ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಹಂಗಾರ ಮೊದಲ ಆ ಗುಡ್ಡಾ ಕಣ್ಣು ತೆಗದು ನೋಡಿ ಬರ್ರಿ ಸರ. ಆಮ್ಯಾಲೆ ಗುಳಿಗಿ ಬರಕೊಡ್ತೀನಿ."

ಶನಿವಾರ ಹೊರಟಿದ್ದೇವೆ. ಕಾರು ಅವಳೇ ಓಡಿಸುತ್ತಾಳೆ. ಆಫೀಸಿನಲ್ಲಿ ಕೇಳಿದವರಿಗೆ ಮಾತ್ರ ‘ಪರ್ವತಾರೋಹಣದ ತರಬೇತಿ’ ಎಂದು ಹೇಳಿದ್ದೇನೆ.