ಕುಣಿಗಲ್ಲಿನಿಂದ ಕರೆತಂದ ಕಾಣದ ಹುಡುಗಿ

ನಾನು ಒಬ್ಬ ಹುಡುಗಿಯ ಮೇಲೆ ಕೂತುಬಿಟ್ಟೆ. ಹೆದರಬೇಡಿ, ಅವಳು ಇರಲೇ ಇಲ್ಲ. ಆದರೂ ತಪ್ಪು ತಪ್ಪೇ.

ತುಮಕೂರಿನ ಬಟವಾಡಿಯ ನನ್ನ ಬಾಡಿಗೆ ರೂಮಿನಿಂದ ಪ್ರತಿ ಭಾನುವಾರ ಗುಬ್ಬಿಗೆ ಹೋಗಿ, ಪರಿಚಯದವರ ಮನೆಯ ವರಾಂಡದಲ್ಲಿ ಮಕ್ಕಳಿಗೆ ಕತೆ ಬರೆಯುವುದನ್ನು ಹೇಳಿಕೊಡುತ್ತಿದ್ದೆ. ನನ್ನ ಅರ್ಹತೆ ಇಷ್ಟೇ: ನಾನು ಬರೆದ ಒಂದೇ ಒಂದು ಕತೆಯನ್ನು ಪೂರ್ತಿ ಕೇಳಿದ ಅಮ್ಮ, "ಸರಿ, ಉಣ್ಣಕ್ ಬಾ" ಅಂದಿದ್ದಳು.

ಒಂದು ವಾರ ಮಕ್ಕಳಿಗೆ ಹೇಳಿದೆ: "ಮುಂದಿನ್ ಸಲ ಒಬ್ಬೊಬ್ರೂ ಒಂದೊಂದ್ ಫ್ರೆಂಡ್‌ನ ಕರ್ಕೊಂಡ್ ಬನ್ನಿ. ನಿಮಗ್ ಬಿಟ್ರೆ ಯಾರಿಗೂ ಕಾಣ್ಬಾರ್ದು. ಅವ್ರು ಹೇಳ್ತಾ ಹೋಗ್ಲಿ, ನೀವ್ ಬರೀರಿ."

ಬಂದರು. ಒಬ್ಬನ ಗೆಳೆಯ ಫ್ಯಾನಿನ ಮೇಲೆ ಸುತ್ತುತ್ತಿದ್ದ, ಇನ್ನೊಬ್ಬನ ಗೆಳೆಯನಿಗೆ ಟಿಫಿನ್ ಡಬ್ಬಿಯಲ್ಲಿ ನಿದ್ದೆ. ಆದರೆ ನನ್ನ ಕಣ್ಣೆಲ್ಲ ನಾಲ್ಕನೇ ಕ್ಲಾಸಿನ ಒಬ್ಬ ಹುಡುಗಿಯ ಮೇಲೆ. ಮಳೆಯ ಬಗ್ಗೆ ಬರಿ ಅಂದರೂ, ಅಜ್ಜಿಯ ಬಗ್ಗೆ ಬರಿ ಅಂದರೂ ಅವಳು 'ಹಸು ಒಂದು ಸಾಕುಪ್ರಾಣಿ' ಎಂದು ಬರೆದು ನಿಲ್ಲಿಸುತ್ತಿದ್ದಳು. ಅವತ್ತು ಪಕ್ಕದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕರ್ಚೀಫು ಹಾಸಿ, ಗೆಳತಿಯನ್ನು ಕೂರಿಸಿ, ನಾಲಿಗೆ ಕಚ್ಚಿಕೊಂಡು ಬರೆಯುತ್ತಿದ್ದಳು. ಇಣುಕಿದೆ. ಒಂದು ಕುದುರೆ ತೆಂಗಿನ ಮರ ಹತ್ತಿತ್ತು. ಇಳಿಯುವುದು ಗೊತ್ತಿಲ್ಲದೆ ಗರಿಗಳ ನಡುವೆ ಕೂತು ಊರು ನೋಡುತ್ತಿತ್ತು.

ಖುಷಿಗೆ ನನಗೆ ಕಾಲು ನಿಲ್ಲಲಿಲ್ಲ. ಕರ್ಚೀಫು ಎತ್ತಿ ಬೆವರು ಒರೆಸಿಕೊಂಡು ಆ ಕುರ್ಚಿಯಲ್ಲಿ ಧೊಪ್ಪನೆ ಕೂತೆ. ಕಿಟಕಿಯಿಂದ ಟವೆಲ್ಲು ಎಸೆದು ಬಸ್ಸಿನಲ್ಲಿ ಸೀಟು ಹಿಡಿಯುವ ಜಿಲ್ಲೆಯವನು ನಾನು. ಬಟ್ಟೆ ಬಿದ್ದ ಸೀಟಿನಲ್ಲಿ ನಮ್ಮಲ್ಲಿ ಮಂತ್ರಿಯೂ ಕೂರುವುದಿಲ್ಲ.

"ಸಾರ್! ಸೀಟ್ ಹಿಡ್ದಿದ್ದೆ, ಕಾಣ್ಲಿಲ್ವಾ?"

"ಅಯ್ಯೋ, ತಪ್ಪಾಯ್ತು ಕಣಮ್ಮ. ಎಲ್ಲವ್ಳೆ ಈಗ?"

"ಎದ್ದೋದ್ಲು. ಕುಣಿಗಲ್ ಕೆರೆ ಏರಿ ಹತ್ರ ಅವ್ಳಜ್ಜಿ ಮನೆ. ನಾನಿನ್ ಬರಿಯಲ್ಲ."

ಮುಂದಿನ ಭಾನುವಾರ ಅವಳ ಹಾಳೆಯಲ್ಲಿ ಮತ್ತೆ ಹಸು, ಮತ್ತೆ ಸಾಕುಪ್ರಾಣಿ. ಕತೆಯೊಂದನ್ನು ಬರೀ ಕೂತೇ ಸಾಯಿಸಿದವನು ಕರ್ನಾಟಕದಲ್ಲಿ ನಾನೊಬ್ಬನೇ ಇರಬೇಕು. ವಾರವಿಡೀ ಕಣ್ಣು ಮುಚ್ಚಿದರೆ ಸಾಕು, ಮರದ ಮೇಲಿನ ಕುದುರೆ ನನ್ನನ್ನೇ ನೋಡುತ್ತಿತ್ತು.

ಅದರ ಮುಂದಿನ ಭಾನುವಾರ ಬೆಳಗಾಗುವಾಗ ನಾನು ಕುಣಿಗಲ್ ಕೆರೆ ಏರಿಯ ಮೇಲಿದ್ದೆ. ಮಂಜು ನೀರಿನಿಂದ ಎದ್ದು ನಿಧಾನಕ್ಕೆ ಏರಿ ಹತ್ತುತ್ತಿತ್ತು. ದಡ ಯಾವುದು, ಆಕಾಶ ಯಾವುದು ತಿಳಿಯುತ್ತಿರಲಿಲ್ಲ. ದೂರದಲ್ಲಿ, ಕುದುರೆ ಫಾರಂ ಕಡೆಯಿಂದಲೋ ಏನೋ, ಒಂದು ಹೇಷಾರವ ತೇಲಿಬಂತು. ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಮೆಲ್ಲಗೆ ಕರೆದೆ: "ಬಾಮ್ಮ, ಗುಬ್ಬಿಗೋಗಣ." ನೀರಿನಲ್ಲಿ ಒಂದು ಸಣ್ಣ ಅಲೆ ಎದ್ದಿತು. ನನ್ನ ಪಕ್ಕದ ಗಾಳಿ ಕೊಂಚ ಬೆಚ್ಚಗಾದಂತಾಯಿತು. ಸರಿ, ಬಂದಳು ಅಂದುಕೊಂಡೆ.

ತುಮಕೂರು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ನನ್ನ ಕರ್ಚೀಫು ಹಾಕಿದೆ. ಕಂಡಕ್ಟರ್ ಬಂದ.

"ಯಾರ್ರೀ ಇಲ್ಲಿ?"

"ಒಂದ್ ಹುಡ್ಗಿ."

"ಹೆಣ್ಮಗಾದ್ರೆ ಫ್ರೀ. ಆಧಾರ್ ತೋರ್ಸಿ."

"ಅವ್ಳು ಕಾಣಲ್ಲ, ಸಾರ್."

"ಆಧಾರ್ ಫೋಟೋದಲ್ಲಿ ನಾನೂ ಕಾಣಲ್ಲ, ಬುಡಿ," ಎನ್ನುತ್ತಾ ಅವನು ಮುಂದೆ ಹೋದ.

ನಿಂತಿದ್ದವರು ಕರ್ಚೀಫನ್ನು ನೋಡುತ್ತಿದ್ದರು, ನನ್ನನ್ನು ನೋಡುತ್ತಿದ್ದರು. ಯಾರೂ ಕೂರಲಿಲ್ಲ. ನನಗೆ ಜೋಂಪು ಹತ್ತಿತು. ಅರೆಮುಚ್ಚಿದ ಕಣ್ಣಿಗೆ ತೋಟಗಳು ತೇಲುತ್ತಾ ಹಿಂದೆ ಹೋದವು. ಮರಕ್ಕೊಂದು ಕುದುರೆ. ಪಕ್ಕದಲ್ಲಿ ಯಾರೋ ಅವನ್ನು ಎಣಿಸುತ್ತಿದ್ದಂತೆ ಇತ್ತು.

ತುಮಕೂರಿನಲ್ಲಿ ಬಸ್ಸು ಬದಲಾಯಿಸಿ ಗುಬ್ಬಿ ಸೇರಿದೆ. ಯುದ್ಧ ಗೆದ್ದವನ ಹಾಗೆ ಒಳಗೆ ಹೋಗಿ, ಖಾಲಿ ಕುರ್ಚಿಯನ್ನು ನಾಲ್ಕನೇ ಕ್ಲಾಸಿನ ಹುಡುಗಿಯ ಪಕ್ಕಕ್ಕೆ ಎಳೆದು, "ಕರ್ಕೊಂಡ್ ಬಂದೆ ನೋಡು!" ಅಂದೆ.

ಹುಡುಗಿ ಕುರ್ಚಿಯನ್ನು ಬಹಳ ಹೊತ್ತು ನೋಡಿದಳು. ಮುಖ ಗಂಭೀರವಾಯಿತು.

"ಸಾರ್, ಇವ್ಳಲ್ಲ."

"ಅಂದ್ರೆ?"

"ನನ್ನೋಳು ಇಷ್ಟ್ ಕುಳ್ಳಿ ಅಲ್ಲ. ಇವ್ಳ್ಯಾರೋ ಕೆರೆಗ್ ನೀರಿಗ್ ಬಂದಿದ್ದೋಳು. ಬೇರೆಯೋರ್ ಮಗೀನ ಎತ್ಕೊಂಡ್ ಬಂದ್‌ಬುಟ್ಟಿದೀರ!"

ಮಕ್ಕಳೆಲ್ಲ ಎದ್ದು ಬಂದು ಆ ಕುರ್ಚಿಯನ್ನು ಸುತ್ತುಗಟ್ಟಿದರು. ಒಬ್ಬ ನಿಟ್ಟುಸಿರು ಬಿಟ್ಟು, "ಅಳ್ತಾವ್ಳೆ, ಪಾಪ," ಅಂದ. ಅವಳನ್ನು ಕುಣಿಗಲ್ಲಿಗೆ ವಾಪಸ್ ಬಿಟ್ಟುಬರಲು ಸಂಜೆಯ ಬಸ್ಸು ಎಷ್ಟೊತ್ತಿಗೆ ಎಂದು ನಾನು ಯೋಚಿಸತೊಡಗಿದೆ.

ಅಷ್ಟರಲ್ಲಿ ನಾಲ್ಕನೇ ಕ್ಲಾಸಿನವಳು ಡಬ್ಬಿ ತೆಗೆದು, ಪೆನ್ಸಿಲ್ಲು ಹಿಡಿದು, ಹೊಸ ಹಾಳೆ ತಿರುವಿದಳು.

"ನೀವ್ ಕೂತ್ಕೊಳ್ಳಿ ಸಾರ್, ಆ ಕಡೆ. ಇವ್ಳನ್ನ ನಾನೇ ಬರ್ದು ಊರಿಗ್ ಕಳುಸ್ತೀನಿ. ನೀವ್ ಮಾತ್ರ ಇನ್ ಯಾರ್ನೂ ಕರ್ಕೊಂಡ್ ಬರಕ್ ಹೋಗ್ಬ್ಯಾಡಿ."